ತೊಟ್ಟಿಲು ಎರಡನೇ ಲೈನಿನಲ್ಲಿ

ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ, ಮುಚ್ಚಳವನ್ನು ಬಿಗಿಯಾಗಿ ಹಾಕಿ, ಮೂರು ಸೀಟಿ ಬರುವವರೆಗೆ ಕಾಯಬೇಕು ಎಂದು ನಾನು ಬರೆದದ್ದು ನಿಜ. ಬೇಕೆಂದೇ ಬರೆದದ್ದಲ್ಲ. ಆದರೆ ‘ಪರಿಶೀಲಿಸಿದವರು’ ಎಂಬ ಜಾಗದಲ್ಲಿ ನನ್ನ ಹೆಸರೇ ಇದ್ದುದರಿಂದ ತಪ್ಪನ್ನು ಬೇರೆಯವರ ತಲೆಗೆ ಕಟ್ಟುವ ಹಾಗೂ ಇರಲಿಲ್ಲ.

ಹೊಸ ಸಾಮಾನು ಕೊಂಡಾಗ ಡಬ್ಬದೊಳಗೆ ಹತ್ತು ಭಾಷೆಗಳಲ್ಲಿ ಅಚ್ಚಾದ, ಎಂಟು ಮಡಿಕೆಯ ಒಂದು ಕಾಗದ ಇರುತ್ತದೆ. ಅದನ್ನು ಯಾರೂ ಓದುವುದಿಲ್ಲ. ಅದರ ಕನ್ನಡವನ್ನು ತಿದ್ದುವವಳು ನಾನು. ಕೆಲಸ ಕೊಡುವ ಕಂಪನಿ ಕೊಂಡಾಪುರದಲ್ಲಿದೆ, ನಾವಿರುವುದು ಮಲ್ಕಾಜ್‌ಗಿರಿಯಲ್ಲಿ, ನಡುವೆ ಇಡೀ ಹೈದರಾಬಾದ್ ಇದೆ. ಆದ್ದರಿಂದ ಮನೆಯ ಊಟದ ಮೇಜಿನ ಮೇಲೆಯೇ ಕಂಪ್ಯೂಟರ್ ಇಟ್ಟುಕೊಂಡು ಕೆಲಸ ಮಾಡುತ್ತೇನೆ. ಒಂದು ಕಾಗದ ತಿದ್ದಬೇಕೆಂದರೆ ತೆರೆಯ ಮೇಲೆ ಇಂಗ್ಲಿಷ್ ಮೂಲ ಬೇಕು, ಕನ್ನಡದ ಕರಡು ಬೇಕು, ಅನುಮಾನ ಬಂದಾಗ ಇಣುಕಿ ನೋಡಲು ತೆಲುಗಿನದು ಬೇಕು, ಪದಗಳ ಪಟ್ಟಿ ಬೇಕು, ಮೇಲ್ ಬೇಕು, ಕಂಪನಿಯ ಮೇಡಂ ಜೊತೆ ಮಾತಾಡಲು ಚಾಟ್ ಬೇಕು. ಇವುಗಳ ಜೊತೆಗೆ ಅಡುಗೆಯ ವಿಡಿಯೊ ಒಂದು ಇದ್ದೇ ಇರುತ್ತಿತ್ತು, ಅದಕ್ಕೆ ನನ್ನ ಬಳಿ ಸಮಜಾಯಿಷಿ ಇಲ್ಲ. ಎರಡು ಕಾಗದಗಳ ಕೆಲಸ ಒಟ್ಟಿಗೆ ಬಂದರೆ ಹದಿನಾಲ್ಕು ವಿಂಡೋಗಳು ಒಂದರ ಮೇಲೊಂದು ಹತ್ತಿ ಕೂತಿರುತ್ತಿದ್ದವು. ಆ ದಿನ ತೊಟ್ಟಿಲು ಮತ್ತು ಪ್ರೆಷರ್ ಕುಕ್ಕರ್ ಒಟ್ಟಿಗೆ ಬಂದಿದ್ದವು.

ಮೇಡಂ ಮೈಸೂರು ಕಡೆಯವರು. ಬೈಯುವುದನ್ನೂ ಮೆತ್ತಗೆ ಬೈಯುತ್ತಾರೆ, ಅದೇ ಹೆಚ್ಚು ನಾಟುತ್ತದೆ. ಫೋನ್ ಮಾಡಿ, “ಅಚ್ಚಿಗೆ ಹೋಗೋಕೆ ಮುಂಚೆ ನನ್ನ ಕಣ್ಣಿಗೆ ಬಿತ್ತು, ಸದ್ಯ. ಆದ್ರೆ ಇದು ಮೂರನೇ ಸಲ. ಇನ್ನೊಂದು ತಿಂಗಳು ನೋಡ್ತೀನಿ. ಮತ್ತೆ ಹೀಗೇ ಆಯ್ತು ಅಂದ್ರೆ ನಿಮ್ಮ ಹೆಸರು ತೆಗೀಬೇಕಾಗುತ್ತೆ,” ಎಂದರು. ಮೊದಲ ಎರಡು ಸಲದ ವಿಷಯ ಇಲ್ಲಿ ಬೇಡ. ಒಂದರಲ್ಲಿ ಹಲ್ಲುಜ್ಜುವ ಬ್ರಷ್‌ಗೆ ವರ್ಷಕ್ಕೊಮ್ಮೆ ಎಣ್ಣೆ ಬಿಡಲು ಹೇಳಿದ್ದೆ ಎಂದಷ್ಟೇ ತಿಳಿಸಿದರೆ ಸಾಕು.

ನಾನು ಸಿಟ್ಟಿನವಳು. ತಪ್ಪು ನನ್ನದೇ ಆದಾಗ ಸಿಟ್ಟು ಇನ್ನೂ ಜಾಸ್ತಿ. ಅದನ್ನೆಲ್ಲ ವಿಂಡೋಗಳ ಮೇಲೆ ತಿರುಗಿಸಿ, ಅವುಗಳನ್ನು ಶಿಸ್ತಿನಲ್ಲಿಡುವ ಪುಟ್ಟ ಪುಟ್ಟ ಪ್ರೋಗ್ರಾಂಗಳನ್ನು ಹುಡುಕಲು ಕೂತೆ. ಇಂಥವು ಜಗತ್ತಿನಲ್ಲಿ ಇಷ್ಟೊಂದಿವೆ ಎಂದು ನನಗೆ ಗೊತ್ತಿರಲಿಲ್ಲ. ನನ್ನ ಹಾಗೆ ಒದ್ದಾಡುವವರು ಊರ ತುಂಬ ಇದ್ದಾರೆ ಎಂದು ತಿಳಿದು ಅರ್ಧ ಸಮಾಧಾನವಾಯಿತು.

ಮೊದಲು ಹಾಕಿಕೊಂಡದ್ದು ವಿಂಡೋಗೆ ಮೊಳೆ ಹೊಡೆಯುವ ಪ್ರೋಗ್ರಾಂ. ಯಾವ ವಿಂಡೋಗೆ ಮೊಳೆ ಹೊಡೆದಿರೋ ಅದು ಯಾವಾಗಲೂ ಎಲ್ಲದರ ಮೇಲೆ ನಿಲ್ಲುತ್ತದೆ. ಪದಪಟ್ಟಿಗೆ ಹೊಡೆದೆ. ಚಾಟ್ ಅದರಡಿ ಮರೆಯಾಯಿತೆಂದು ಚಾಟಿಗೂ ಹೊಡೆದೆ. ಸಂಜೆಯ ಹೊತ್ತಿಗೆ ಎಲ್ಲಕ್ಕೂ ಮೊಳೆ ಬಿದ್ದು, ಮದುವೆ ಫೋಟೊದಲ್ಲಿ ನೆಂಟರು ಮುಂದಿನ ಸಾಲಿಗೆ ನುಗ್ಗುವಂತೆ ಎಲ್ಲವೂ ಮೇಲೆಯೇ ನಿಂತವು. ಎರಡನೆಯದು ವಿಂಡೋವನ್ನು ಚಾಪೆಯಂತೆ ಸುತ್ತಿ, ತಲೆಬರಹದ ಪಟ್ಟಿಯನ್ನಷ್ಟೇ ಬಿಡುತ್ತಿತ್ತು. ಬಹಳ ಚೆಂದ ಕಂಡಿತು. ಆದರೆ ನನ್ನ ಕಡತಗಳೆಲ್ಲ ‘ಬಳಕೆಯ ಸೂಚನೆಗಳು’ ಎಂದೇ ಶುರುವಾಗುವುದರಿಂದ ಹೆಚ್ಚುಕಮ್ಮಿ ಎಲ್ಲ ಪಟ್ಟಿಗಳ ಮೇಲೂ ‘ಬಳಕೆಯ’ ಎಂದಷ್ಟೇ ಕಾಣುತ್ತಿತ್ತು. ಮೂರನೆಯದು ವಿಂಡೋಗಳನ್ನು ಗಾಜಿನಂತೆ ಮಾಡುವಂಥದ್ದು. ಒಂದರ ಮೂಲಕ ಇನ್ನೊಂದು ಕಾಣುತ್ತದೆ, ಅಂದರೆ ತೊಟ್ಟಿಲಿನೊಳಗೆ ಕುಕ್ಕರ್ ಕಾಣುತ್ತದೆ. ನನ್ನ ತಪ್ಪಿಗೆ ಅನುಕೂಲ ಮಾಡಿಕೊಡಲೆಂದೇ ಯಾರೋ ಕೂತು ಮಾಡಿದಂತಿತ್ತು. ನಾಲ್ಕನೆಯದಕ್ಕೆ ಮಾತ್ರ ಒಳ್ಳೆಯ ನೆನಪಿನ ಶಕ್ತಿ ಇತ್ತು. ಕಂಪ್ಯೂಟರ್ ಆರಿಸಿ ಮರುದಿನ ಹಚ್ಚಿದರೆ ಎಲ್ಲ ವಿಂಡೋಗಳನ್ನೂ ನಿನ್ನೆ ಇದ್ದ ಜಾಗದಲ್ಲೇ ತಂದು ನಿಲ್ಲಿಸುತ್ತಿತ್ತು. ನಿನ್ನೆಯ ಗೊಂದಲ ಒಂದಿಂಚೂ ಅಲುಗದೆ ವಾಪಸು ಬಂತು.

“ಹಾಳಾಗಿ ಹೋಗ್ಲಿ” ಎಂದು ಮೌಸನ್ನು ಮೇಜಿನ ಮೇಲೆ ಕುಕ್ಕಿದೆ. ಆ ಸದ್ದಿಗೆ ಮಾವನವರು ಕೋಣೆಯಿಂದ ಹೊರಗೆ ಬಂದರು.

ಅವರು ಹೊರಗೆ ಬಂದದ್ದೇ ಒಂದು ಸುದ್ದಿ. ನಮ್ಮ ಮಾವನವರು ಸ್ಟೇಶನ್ ಮಾಸ್ತರರಾಗಿದ್ದವರು. ರಾಯಚೂರು ಕಡೆಯವರು. ಒಂಟಿ ಹಳಿಯ ಸಣ್ಣ ಸಣ್ಣ ಸ್ಟೇಶನ್ನುಗಳಲ್ಲೇ ಸರ್ವಿಸ್ ಮುಗಿಸಿದರು. ಅತ್ತೆ ನಾನು ಆ ಮನೆಗೆ ಬರುವ ಮೊದಲೇ ತೀರಿಕೊಂಡಿದ್ದರು. ನನ್ನ ಗಂಡನಿಗೂ ರೈಲ್ವೆಯಲ್ಲೇ ಗುಮಾಸ್ತಿಕೆ, ಹಾಗಾಗಿ ಮಲ್ಕಾಜ್‌ಗಿರಿ. ನಿವೃತ್ತರಾಗಿ ಬಂದ ಹೊಸದರಲ್ಲಿ ಮಾವ ದಿನಾ ಬೆಳಿಗ್ಗೆ ಸ್ಟೇಶನ್ನಿಗೆ ಹೋಗಿ ಬೆಂಚಿನ ಮೇಲೆ ಕೂತು ಗಾಡಿಗಳನ್ನು ನೋಡಿ ಬರುತ್ತಿದ್ದರು. ಒಂದು ದಿನ ಹೊಸದಾಗಿ ಬಂದ ಟಿಕೆಟ್ ತಪಾಸಣೆಯ ಹುಡುಗಿ ಪ್ಲಾಟ್‌ಫಾರ್ಮ್ ಟಿಕೆಟ್ ಕೇಳಿದಳು. ಅವಳದೇನೂ ತಪ್ಪಿಲ್ಲ. ಇವರು ಎದ್ದು ಹೋಗಿ ಟಿಕೆಟ್ ತಂದು ತೋರಿಸಿ, ಅದರ ಅವಧಿ ಮುಗಿಯುವವರೆಗೂ ಅಲ್ಲೇ ನಿಂತು, ಮನೆಗೆ ಬಂದರು. ಆಮೇಲೆ ಹೋಗಲಿಲ್ಲ. ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗುವುದು, ಊಟಕ್ಕೆ ಎರಡು ಸಲ ಕರೆದರೆ ಏಳುವುದು, ಹೀಗೆ ಐದಾರು ತಿಂಗಳು ಕಳೆದಿತ್ತು. ಗಡ್ಡ ಬೆಳೆದಿತ್ತು. ನನಗೆ ಅವರ ಆ ಗಡ್ಡ ನೋಡಿದರೆ ಭಯವಾಗುತ್ತಿತ್ತು.

“ಏನಾತವ್ವ?” ಎಂದರು. ತೊಟ್ಟಿಲು ಕುಕ್ಕರಿನ ಕತೆ ಹೇಳಿದೆ. ನನ್ನ ಗಂಡ ಇದೇ ಕತೆಗೆ ನಕ್ಕು ನಕ್ಕು ಚಹಾ ಮೈಮೇಲೆ ಚೆಲ್ಲಿಕೊಂಡಿದ್ದ. ಮಾವ ನಗಲಿಲ್ಲ. ಮುಖ ಗಂಭೀರವಾಯಿತು.

“ಒಂದ ಸೆಕ್ಷನ್‌ನಾಗ ಎರಡು ಗಾಡಿ ಬಿಟ್ಟೀಯಲ್ಲವ್ವ,” ಎಂದರು. “ಹಳಿ ಖಾಲಿ ಐತಿ ಅಂತ ಲೈನ್ ಕ್ಲಿಯರ್ ಯಾರು ಕೊಟ್ಟರು?”

“ಯಾರೂ ಕೊಡಲಿಲ್ರಿ ಮಾವಾರ. ಇದು ಕಂಪ್ಯೂಟರ್ ಐತ್ರಿ.”

“ಅದಕ್ಕ ಡಿಕ್ಕಿ ಆಗೇತಿ,” ಎಂದು ಕುರ್ಚಿ ಎಳೆದುಕೊಂಡರು.

ನಾನು ತಂದು ಗುಡ್ಡೆ ಹಾಕಿದ್ದ ಪ್ರೋಗ್ರಾಂಗಳನ್ನು ಒಂದೊಂದಾಗಿ ತೋರಿಸೆಂದರು. ಮೊಳೆ ಬೇಡ, ಚಾಪೆ ಬೇಡ, ಗಾಜಂತೂ ಬೇಡವೇ ಬೇಡ. ಕೊನೆಗೆ ಒಂದರ ಮೇಲೆ ಅವರ ಕಣ್ಣು ನಿಂತಿತು. ಅದು ಒಂದೇ ಕಂಪ್ಯೂಟರಿನಲ್ಲಿ ನಾಲ್ಕು ಬೇರೆ ಬೇರೆ ತೆರೆಗಳಿದ್ದಂತೆ ಮಾಡಿ, ಕೀಲಿಮಣೆಯ ಎರಡು ಕೀ ಒತ್ತಿದರೆ ಯಾವ ವಿಂಡೋವನ್ನು ಬೇಕಾದರೂ ಯಾವ ತೆರೆಗೆ ಬೇಕಾದರೂ ಕಳಿಸುವಂಥದ್ದು. ಮಾವ ಮುಂದಕ್ಕೆ ಬಾಗಿದರು.

“ಇದು ಯಾರ್ಡ್ ಐತಿ,” ಎಂದರು.

ಅವತ್ತೇ ನಾಲ್ಕೂ ತೆರೆಗಳಿಗೆ ನಾಮಕರಣವಾಯಿತು. ಒಂದನೇ ಲೈನು ಮೇನ್ ಲೈನು, ಈಗ ತಿದ್ದುತ್ತಿರುವ ಕಾಗದ ಮಾತ್ರ ಅಲ್ಲಿರಬೇಕು. ಎರಡನೇ ಲೈನಿನಲ್ಲಿ ಸರದಿಗೆ ಕಾಯುವ ಕಾಗದ. ಮೂರನೆಯದರಲ್ಲಿ ಪದಪಟ್ಟಿ, ತೆಲುಗು, ಮೇಲ್ ಇತ್ಯಾದಿ ಗೂಡ್ಸು. ನಾಲ್ಕನೆಯದು ಸೈಡಿಂಗು, ಅಲ್ಲಿ ಅಡುಗೆಯ ವಿಡಿಯೊ. ಎಂಜಿನ್ ಇಲ್ಲದ ಡಬ್ಬಿ ಎಲ್ಲಿ ನಿಂತರೂ ನಡೆಯುತ್ತದೆ ಎಂದು ಅದನ್ನು ತೀರಾ ಹೀನಾಯವಾಗಿ ಕಂಡರು. ಮೇಡಂ ಚಾಟಿನಲ್ಲಿ ಏನಾದರೂ ಬರೆದರೆ ಅದು ಎಕ್ಸ್‌ಪ್ರೆಸ್, ಉಳಿದವೆಲ್ಲ ನಿಂತು ದಾರಿ ಬಿಡಬೇಕು.

ಇಲ್ಲಿಗೆ ನಿಂತಿದ್ದರೆ ಸರಿಯಾಗಿರುತ್ತಿತ್ತು. ಆದರೆ ವಿಂಡೋಗಳನ್ನು ನಾನೇ ಸರಿಸುವುದಕ್ಕೆ ಮಾವ ಒಪ್ಪಲಿಲ್ಲ. ಗಾಡಿ ಓಡಿಸುವವನೇ ಇಳಿದು ಹಳಿಯ ಪಾಯಿಂಟ್ ಬದಲಿಸುವುದು ಎಲ್ಲಾದರೂ ಉಂಟೇ ಎಂದು ಕೇಳಿದರು. ನನ್ನ ಗಂಡ ಸಿಕಂದರಾಬಾದಿನಿಂದ ತಂತಿಯಿಲ್ಲದ ಇನ್ನೊಂದು ಕೀಲಿಮಣೆ ತಂದುಕೊಟ್ಟ. ಅಪ್ಪ ಕೋಣೆಯಿಂದ ಹೊರಬಂದದ್ದೇ ಅವನಿಗೆ ದೊಡ್ಡದು, ಒಂದಲ್ಲ, ಹತ್ತು ಕೇಳಿದ್ದರೂ ತರುತ್ತಿದ್ದ. ಅಂದಿನಿಂದ ಒಂದೇ ಕಂಪ್ಯೂಟರಿಗೆ ಎರಡು ಕೀಲಿಮಣೆ. ನಾನು ಅಕ್ಷರ ಒತ್ತುವುದು, ಮೇಜಿನ ಆ ಬದಿಯಲ್ಲಿ ಕೂತು ಮಾವ ವಿಂಡೋ ಕಳಿಸುವುದು.

ಆ ಬದಿಯಿಂದ ಅವರಿಗೆ ತೆರೆಯ ಬೆನ್ನು ಬಿಟ್ಟು ಏನೂ ಕಾಣುತ್ತಿರಲಿಲ್ಲ. ಈ ಕಡೆ ಬರ್ರಿ ಎಂದರೆ ಬರಲಿಲ್ಲ. “ಮಾಸ್ತರಗ ಗಾಡಿ ಕಾಣಬೇಕಂತ ಏನಿಲ್ಲ. ಎಲ್ಲೈತಿ ಅಂತ ಗೊತ್ತಿದ್ರ ಸಾಕು,” ಎಂದರು. ಒಂದು ಹಾಳೆಯಲ್ಲಿ ನಾಲ್ಕು ಗೆರೆ ಎಳೆದು, ಒಂದೊಂದು ವಿಂಡೋಗೆ ಒಂದೊಂದು ಹುಣಸೆ ಬೀಜ ಇಟ್ಟುಕೊಂಡು, ನಾನು ಕೂಗಿದಾಗ ಬೀಜ ಸರಿಸಿ, ಕೀ ಒತ್ತಿ, “ತೊಟ್ಟಿಲು ಎರಡನೇ ಲೈನಿಗೆ ಬರಾಕತ್ತೈತಿ,” ಎಂದು ಘೋಷಿಸುತ್ತಿದ್ದರು. ಕೆಳಗಿನ ಮನೆಯ ತೆಲುಗಮ್ಮ ಒಂದು ದಿನ ಮೆಟ್ಟಿಲಲ್ಲಿ ನನ್ನ ಕೈಹಿಡಿದು, ವಿಶೇಷವೇ ಎಂದು ಸಂತೋಷದಿಂದ ವಿಚಾರಿಸಿದರು. ಇಲ್ಲಮ್ಮ, ಆಫೀಸಿನ ಕೆಲಸ ಎಂದೆ. ಅವರು ನಂಬಲಿಲ್ಲ.

ಇನ್ನು ನಿಂಬೆಹಣ್ಣಿನ ವಿಷಯ. ಒಂಟಿ ಹಳಿಯಲ್ಲಿ ಎದುರುಬದುರು ಎರಡು ಗಾಡಿ ಬರಬಾರದೆಂದು ಹಿಂದೆ ಡ್ರೈವರನ ಕೈಗೆ ಒಂದು ಲೋಹದ ಗುಂಡು ಕೊಡುತ್ತಿದ್ದರಂತೆ. ಟೋಕನ್ ಎನ್ನುತ್ತಾರೆ. ಅದು ಕೈಯಲ್ಲಿದ್ದರೆ ಮಾತ್ರ ಗಾಡಿ ಬಿಡಬೇಕು, ಇಲ್ಲದಿದ್ದರೆ ನಿಂತಲ್ಲೇ ನಿಲ್ಲಬೇಕು. ನಮ್ಮ ಮನೆಯಲ್ಲಿ ಲೋಹದ ಗುಂಡು ಎಲ್ಲಿಂದ ಬರಬೇಕು? ಮಾವ ಫ್ರಿಜ್ಜಿನಿಂದ ಒಂದು ನಿಂಬೆಹಣ್ಣು ತೆಗೆದರು. ಒಂದು ಕಡೆಯಿಂದ ಒಂದು ಸಾಲು ಎತ್ತಿ ಇನ್ನೊಂದು ಕಡೆ ಅಂಟಿಸಬೇಕಾದರೆ ನಾನು “ಲೈನ್ ಕ್ಲಿಯರ್ ಕೊಡ್ರಿ” ಎನ್ನಬೇಕು, ಅವರು “ಯಾವುದರಿಂದ ಯಾವುದಕ್ಕ?” ಎನ್ನಬೇಕು, ನಾನು ಹೇಳಬೇಕು, ಅವರು ಬೀಜ ನೋಡಿ ನಿಂಬೆಹಣ್ಣು ಕೊಡಬೇಕು. ಅದನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಅಂಟಿಸಿ, ಹಣ್ಣನ್ನು ವಾಪಸು ಕೊಟ್ಟರೆ ಕೆಲಸ ಮುಂದೆ. ದಿನಕ್ಕೆ ಎಪ್ಪತ್ತು ಸಲ. ನನ್ನ ಅಂಗೈ ಯಾವಾಗಲೂ ಉಪ್ಪಿನಕಾಯಿ ಭರಣಿ ತೊಳೆದಂತೆ ನಾರುತ್ತಿತ್ತು.

ಒಂದು ದಿನ ಮರೆತು ಟೋಕನ್ನನ್ನೇ ಚಿತ್ರಾನ್ನಕ್ಕೆ ಹಿಂಡಿಬಿಟ್ಟೆ. ಮಾವ ಊಟ ಮಾಡಿದರು, ಚಿತ್ರಾನ್ನ ಚೊಲೊ ಆಗೇತಿ ಎಂದರು, ಎರಡನೇ ಸಲ ಹಾಕಿಸಿಕೊಂಡರು. ಆಮೇಲೆ ಡ್ಯೂಟಿಗೆ ಕೂತು ಟೋಕನ್ ಹುಡುಕಿದರು. ವಿಷಯ ತಿಳಿದು, ಇನ್ನೊಂದು ಹಣ್ಣು ಬರುವ ತನಕ ನಾಲ್ಕೂ ಲೈನು ಬಂದ್ ಮಾಡಿದರು. ಬೇರೆ ಏನಾದರೂ ಇಟ್ಟುಕೊಳ್ಳೋಣ, ಈರುಳ್ಳಿ ಇದೆ ಎಂದೆ. ನಿಯಮದಲ್ಲಿ ಈರುಳ್ಳಿ ಇಲ್ಲ ಎಂದರು. ನಿಂಬೆಹಣ್ಣು ಇತ್ತೇನು ಎಂದು ಕೇಳಲು ಬಾಯಿ ತೆರೆದೆ, ಕೇಳಲಿಲ್ಲ. ಬಿಸಿಲಲ್ಲಿ ಹೋಗಿ ತಂದೆ.

ಇನ್ನೊಮ್ಮೆ ಅವರು ಸ್ನಾನಕ್ಕೆ ಹೋಗಿದ್ದಾಗ ಮೇಡಂ ಅವಸರ ಮಾಡಿದರೆಂದು ಅವರ ಕೀಲಿಮಣೆಯನ್ನು ಮುಟ್ಟಿ ಒಂದೇ ಒಂದು ವಿಂಡೋ ಸರಿಸಿದೆ. ಬೀಜ ಸರಿಸಲು ಮರೆತೆ. ಮಧ್ಯಾಹ್ನ ನನಗೊಂದು ಮೆಮೊ ಬಂತು, ಹರಿದ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ. ಅನುಮತಿಯಿಲ್ಲದೆ ಪದಪಟ್ಟಿಯನ್ನು ಮೇನ್ ಲೈನಿಗೆ ತಂದುದಕ್ಕೆ ಏಳು ದಿನಗಳೊಳಗೆ ಲಿಖಿತ ವಿವರಣೆ ಕೊಡತಕ್ಕದ್ದು. ಎದುರುಗಡೆ ಕೂತ ಮನುಷ್ಯ, ಕೈ ಚಾಚಿದರೆ ತಾಗುವಷ್ಟು ಹತ್ತಿರ, ಮೆಮೊ ಕೊಡುತ್ತಾರೆ. ನನಗೆ ರೇಗಿತು. “ಒಲೆಯ ಮೇಲೆ ಸಾರು ಇದ್ದು, ಸೊಸೆಯ ತಲೆ ಕೆಟ್ಟು, ಸದರಿ ಕೃತ್ಯ ನಡೆದಿರುತ್ತದೆ,” ಎಂದು ಬರೆದು ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಅಡಿಯಲ್ಲಿ “ಎಚ್ಚರಿಕೆ ಕೊಟ್ಟು ಬಿಡಲಾಗಿದೆ” ಎಂದು ಬರೆದು ಫೈಲು ಮಾಡಿದರು. ಫೈಲು ಯಾವಾಗ ತಂದರೋ ಗೊತ್ತಿಲ್ಲ.

ಇಷ್ಟೆಲ್ಲ ಹೇಳಿದರೂ ಒಂದು ಮಾತು ಒಪ್ಪಿಕೊಳ್ಳಬೇಕು. ಮೂರು ವಾರದಲ್ಲಿ ಒಂದೂ ತಪ್ಪು ಹೋಗಲಿಲ್ಲ. ಮಿಕ್ಸಿಯ ಮಾತು ಮಿಕ್ಸಿಯಲ್ಲೇ ಇತ್ತು, ಇಸ್ತ್ರಿ ಪೆಟ್ಟಿಗೆಯದು ಇಸ್ತ್ರಿ ಪೆಟ್ಟಿಗೆಯಲ್ಲಿ. ಮಾವನ ಗಡ್ಡ ಹೋಗಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಐದು ನಿಮಿಷ ಇರುವಾಗ ಬಿಳಿ ಅಂಗಿ ಹಾಕಿಕೊಂಡು ಬಂದು ಕೂರುತ್ತಿದ್ದರು, ಊಟಕ್ಕೆ ಕರೆಯುವ ಮೊದಲೇ ಹಸಿವಾಗುತ್ತಿತ್ತು. ತಿಂಗಳು ಮುಗಿದು ಮೇಡಂ ನನ್ನ ಹೆಸರು ತೆಗೆದರೆ ಈ ಕುರ್ಚಿಯೂ ಹೋಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನನಗಾದರೆ ಬೇರೆ ಕೆಲಸ ಸಿಕ್ಕೀತು. ಅವರಿಗೆ ಇನ್ನೊಂದು ಸ್ಟೇಶನ್ ಎಲ್ಲಿಂದ ತರುವುದು? ಈ ಯೋಚನೆ ಬಂದಾಗಲೆಲ್ಲ ನಿಂಬೆಹಣ್ಣನ್ನು ಬಾಯಿ ಮುಚ್ಚಿಕೊಂಡು ಹಿಡಿಯುತ್ತಿದ್ದೆ.

ತಿಂಗಳ ಕೊನೆಗೆ ಮೇಡಂ ಫೋನ್ ಮಾಡಿದರು. “ಕೆಲಸ ತುಂಬ ಚೆನ್ನಾಗಿ ಬರ್ತಿದೆ. ಅದಕ್ಕೇ ಒಂದು ಅನುಮಾನ, ತಪ್ಪು ತಿಳ್ಕೋಬೇಡಿ. ನೀವೇ ಮಾಡ್ತಿದ್ದೀರಾ, ಬೇರೆ ಯಾರ ಹತ್ರನಾದ್ರೂ ಮಾಡಿಸ್ತಿದ್ದೀರಾ? ಒಂದಿನ ಆಫೀಸಿಗೆ ಬಂದು ನಮ್ಮೆದುರಿಗೆ ಎರಡು ಕಾಗದ ತಿದ್ದಿ ಕೊಟ್ಬಿಡಿ,” ಎಂದರು. ಮಾವನಿಗೆ ಹೇಳಿದೆ. “ನನ್ನ ಒಳಗ ಬಿಡಂಗಿಲ್ಲೇನು?” ಎಂದು ಕೇಳಿದರು. ಬಿಡಂಗಿಲ್ರಿ ಎಂದೆ. ಮರುದಿನ ನಾನು ಹೊರಡುವಾಗ ಟೋಕನ್ನನ್ನು ಕರವಸ್ತ್ರದಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿದರು.

ಕೊಂಡಾಪುರದ ಆ ಕಟ್ಟಡದ ಗೇಟಿನಲ್ಲಿ ಚೀಲ ತಪಾಸಣೆ ಮಾಡಿದ ಸೆಕ್ಯೂರಿಟಿಯವನು ಕರವಸ್ತ್ರ ಬಿಚ್ಚಿ ನೋಡಿ, “ಯೇ ಕಾಯ್ಕೋ ಮೇಡಂ?”, ಇದು ಯಾತಕ್ಕೆ, ಎಂದು ಒಂದು ಹೆಜ್ಜೆ ಹಿಂದೆ ಸರಿದ. ಕೆಲಸಕ್ಕೆ ಎಂದೆ. ಅದು ಅವನಿಗೆ ಇನ್ನೂ ಹೆದರಿಕೆ ಹುಟ್ಟಿಸಿತು. ಒಳಗೆ ಕೊಟ್ಟ ಕಂಪ್ಯೂಟರ್ ಬರೀ ಬೋಳು. ಹೊರಗಿನ ಯಾವ ಪ್ರೋಗ್ರಾಂ ಹಾಕುವಂತಿಲ್ಲ ಎಂದರು. ನಾಲ್ಕು ಲೈನಿಲ್ಲ, ಬೀಜವಿಲ್ಲ, ಎದುರು ಕುರ್ಚಿಯಲ್ಲಿ ಯಾರೂ ಇಲ್ಲ. ಕೊಟ್ಟ ಕಾಗದಗಳು ಒಂದು ಮಗುವಿನ ನಡೆಗಾಡಿಯದು, ಇನ್ನೊಂದು ಹುಲ್ಲು ಕತ್ತರಿಸುವ ಯಂತ್ರದ್ದು. ಎರಡಕ್ಕೂ ಚಕ್ರ ಇತ್ತು.

ನಿಂಬೆಹಣ್ಣನ್ನು ಕೀಲಿಮಣೆಯ ಪಕ್ಕ ಇಟ್ಟೆ. ಮೊದಲನೇ ಸಾಲು ಎತ್ತುವಾಗ ಅಭ್ಯಾಸಬಲದಿಂದ “ಲೈನ್ ಕ್ಲಿಯರ್ ಕೊಡ್ರಿ” ಎಂದುಬಿಟ್ಟೆ. “ಯಾವುದರಿಂದ ಯಾವುದಕ್ಕ?” ಎಂದು ದನಿ ದಪ್ಪ ಮಾಡಿ ನಾನೇ ಕೇಳಿದೆ. “ನಡೆಗಾಡಿ ಮೂಲದಿಂದ ನಡೆಗಾಡಿ ಕರಡಿಗೆ” ಎಂದು ನಾನೇ ಉತ್ತರ ಕೊಟ್ಟು, ಹಣ್ಣನ್ನು ಬಲಗೈಯಿಂದ ಎಡಗೈಗೆ ದಾಟಿಸಿ, ಅಂಟಿಸಿದೆ. ಪಕ್ಕದ ಹುಡುಗಿ ಕುರ್ಚಿಯನ್ನು ಮೆಲ್ಲಗೆ ಆಚೆ ಸರಿಸಿಕೊಂಡಳು. ಅರ್ಧ ಗಂಟೆಯಲ್ಲಿ ಆ ಸಾಲಿನವರೆಲ್ಲ ತೆಲುಗಿನಲ್ಲಿ ನಿಮ್ಮಕಾಯ, ದಿಷ್ಟಿ, ಅಂದರೆ ನಿಂಬೆಹಣ್ಣು, ದೃಷ್ಟಿ ಎಂದು ಪಿಸುಗುಟ್ಟುವುದು ಕೇಳಿಸಿತು. ಮಂತ್ರಗಿಂತ್ರ ಮಾಡುತ್ತಿದ್ದಾಳೆ ಎಂದುಕೊಂಡಿರಬೇಕು. ಅಂದುಕೊಳ್ಳಲಿ. ನಾನು ಎರಡು ದನಿಗಳಲ್ಲಿ ಮಾತಾಡುತ್ತ ಮಧ್ಯಾಹ್ನದೊಳಗೆ ಎರಡೂ ಕಾಗದ ಮುಗಿಸಿದೆ. ಮಗುವಿನ ಕಾಲು ಹುಲ್ಲಿನ ಯಂತ್ರಕ್ಕೆ ಸಿಕ್ಕಲಿಲ್ಲ.

ಮೇಡಂ ಸಾಲು ಸಾಲಾಗಿ ಓದಿ, “ಒಂದೂ ತಪ್ಪಿಲ್ಲ. ನಿಮ್ಮ ಹೆಸರು ಇರುತ್ತೆ,” ಎಂದರು. ನಿಂಬೆಹಣ್ಣಿನ ಕಡೆ ಒಮ್ಮೆ ನೋಡಿದರು, ಕೇಳಲಿಲ್ಲ.

ಖುಷಿಯಲ್ಲಿ ಮನೆಗೆ ಬಂದೆ. ಮಾವ ಬಾಗಿಲಲ್ಲೇ ನಿಂತಿದ್ದರು. ಕೆಲಸ ಉಳೀತ್ರಿ ಎಂದೆ. “ಲೈನ್ ಕ್ಲಿಯರ್ ಯಾರ ಕೊಟ್ಟರು?” ಎಂದು ಕೇಳಿದರು. ನನ್ನ ಬಾಯಿಗೆ ಬೀಗವಿಲ್ಲ. “ನಾನ ಕೊಟಗೊಂಡೆ ಮಾವಾರ. ಎಲ್ಲಾ ನಾನ ಮಾಡಿದೆ. ಒಂದೂ ತಪ್ಪಿಲ್ಲಂದ್ರು,” ಎಂದು ಕೊಚ್ಚಿಕೊಂಡೆ. “ಭಾಳ ಚೊಲೊ ಆತವ್ವ,” ಎಂದರು. ಅವರಿಗೆ ನಿಜವಾಗಿಯೂ ಸಂತೋಷವಾಗಿತ್ತು. ಆದರೆ ಮುಖ ಸಪ್ಪಗಾದದ್ದನ್ನು ನೋಡಿದಾಗಲೇ ನಾನೇನು ಹೇಳಿದೆ ಎಂದು ನನಗೆ ಹೊಳೆದದ್ದು.

ಮರುದಿನ ಒಂಬತ್ತಕ್ಕೆ ಒಂದು ನೋಟ್‌ಬುಕ್ ತಂದು ನನ್ನ ಮುಂದೆ ಇಟ್ಟರು. ಅವರ ದುಂಡನೆಯ ಅಕ್ಷರದಲ್ಲಿ ಹೀಗಿತ್ತು: ನಾಲ್ಕೂ ಲೈನು ಖಾಲಿ. ಕೀಲಿಮಣೆ ಒಂದು, ಸುಸ್ಥಿತಿಯಲ್ಲಿ. ಹುಣಸೆ ಬೀಜ ಹದಿನಾಲ್ಕು. ಟೋಕನ್ ಒಂದು, ಬಾಡಿದ್ದು. ಚಾರ್ಜ್ ಒಪ್ಪಿಸಿದೆ. ಅದರಡಿ ಅವರ ಸಹಿ. ಪಕ್ಕದಲ್ಲಿ ‘ಚಾರ್ಜ್ ತೆಗೆದುಕೊಂಡೆ’ ಎಂದು ಬರೆದು ನನ್ನ ಸಹಿಗೆ ಜಾಗ ಬಿಟ್ಟಿದ್ದರು.

“ಸಹಿ ಮಾಡವ್ವ. ಇನ್ನ ನಿನಗ ನಾನು ಬೇಕಾಗಿಲ್ಲ,” ಎಂದರು. ಸಿಟ್ಟಿಲ್ಲ, ಬೇಸರವಿಲ್ಲ. ಗಾಡಿ ಹೊರಟಿತು ಎಂಬಷ್ಟು ಸಲೀಸಾಗಿ ಹೇಳಿದರು. ಅದಕ್ಕೇ ನನಗೆ ದುಃಖ ಒತ್ತಿ ಬಂತು. ಅಳು ಬಂದರೆ ನನಗೆ ಮಾತು ಒರಟಾಗುತ್ತದೆ.

“ಮಾಡೂದಿಲ್ರಿ,” ಎಂದೆ.

“ಯಾಕವ್ವ?”

“ನಾನು ಡ್ರೈವರ್ ಅದೀನ್ರಿ. ಡ್ರೈವರ್ ಬಂದು ಸ್ಟೇಶನ್ ಚಾರ್ಜ್ ತಗೋತಾನೇನ್ರಿ? ನಿಮ್ಮ ಸರ್ವಿಸಿನಾಗ ಎಲ್ಲಾದರೂ ನೋಡೀರೇನು? ಚಾರ್ಜ್ ತಗೊಳ್ಳಾಕ ಇನ್ನೊಬ್ಬ ಮಾಸ್ತರ ಬೇಕು.”

ಮಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನಿಯಮದಲ್ಲಿ ಎಲ್ಲಾದರೂ ಸಂದು ಇದೆಯೇ ಎಂದು ಅವರು ತಲೆಯೊಳಗೆ ಪುಟ ತಿರುವುತ್ತಿರುವುದು ನನಗೆ ಕಾಣುತ್ತಿತ್ತು. ಕುಕ್ಕರ್ ಒಂದು ಸೀಟಿ ಹಾಕಿತು, ಯಾರೂ ಏಳಲಿಲ್ಲ.

“ಖರೆ ಐತಿ,” ಎಂದರು ಕೊನೆಗೆ. “ಬದಲಿ ಬರೂತನಕ ಮಾಸ್ತರ ಡ್ಯೂಟಿ ಬಿಟ್ಟು ಹೋಗಾಕ ಬರಂಗಿಲ್ಲ.” ಆಮೇಲೆ ನೋಟ್‌ಬುಕ್ ಮುಚ್ಚಿ, ಮೇಜು ಸುತ್ತಿಕೊಂಡು ತೆರೆಯ ಬೆನ್ನಿನ ಕಡೆಯ ತಮ್ಮ ಕುರ್ಚಿಗೆ ಹೋಗಿ ಕೂತು, “ಬದಲಿ ಕಳಸ್ರಿ ಅಂತ ಮ್ಯಾಲಿನವರಿಗೆ ನೀ ಒಂದು ಅರ್ಜಿ ಬರಿ,” ಎಂದರು.

ಬರೆಯುತ್ತೇನ್ರಿ ಎಂದೆ. ಎರಡು ವರ್ಷವಾಯಿತು, ಇನ್ನೂ ಬರೆದಿಲ್ಲ.